ಸಾಧನದಷ್ಟೇ ಸಲಕರಣೆಗಳನ್ನೂ ಕಾಪಾಡೋಣ



ತರೀಕೆರೆ, ಕಡೂರು, ಅಜ್ಜಂಪುರ ಸೀಮೆಯ ತೋಟಗಳಲ್ಲಿ ಮೊಬೈಲ್ ಸ್ಟಾರ್ಟರ್ ಈಗ ಹೊಸ ಮಾತಲ್ಲ. ತ್ರೀ ಫೇಸ್ ಕರೆಂಟು ಯಾವ ಹೊತ್ತಿನಲ್ಲಿ ಬಂದರೂ ಸರಿ, ಟಾರ್ಚು ಹಿಡಿದು ಬೋರ್‌ವೆಲ್‌ವರೆಗೆ ನಡೆಯಬೇಕಾಗಿಲ್ಲ. ಮನೆಯಿಂದಲೇ ಒಂದು ಕರೆ ಮಾಡಿದರೆ ಮೋಟರ್ ಶುರುವಾಗುತ್ತದೆ. ಒಂದು ಫೇಸ್ ಹೋದರೆ ಆ ಸ್ಟಾರ್ಟರ್ ಪೆಟ್ಟಿಗೆಯೇ ಮೋಟರನ್ನು ನಿಲ್ಲಿಸುತ್ತದೆ. ಬೋರಿನಲ್ಲಿ ನೀರು ತೀರಿದರೂ ನಿಲ್ಲಿಸುತ್ತದೆ.

ಹಾಲಿನ ಡೈರಿಯಲ್ಲಿ ಫ್ಯಾಟ್ ಅಳೆದು ಚೀಟಿ ಕೊಡುವ ಯಂತ್ರವಿದೆ. ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮಷಿನ್ ಇದೆ. ಮನೆಯ ಗೋಡೆಯ ಮೇಲೆ ಡಿಜಿಟಲ್ ಮೀಟರ್ ಇದೆ. ಇವೆಲ್ಲದರ ಒಳಗೆ ಉಗುರಿನಷ್ಟು ಅಗಲದ ಒಂದು ಕಪ್ಪು ಚಿಪ್ ಕೂತಿರುತ್ತದೆ. ಅದಕ್ಕೆ ಮೈಕ್ರೊಕಂಟ್ರೋಲರ್ ಎನ್ನುತ್ತೇವೆ. ಒಂದೇ ಕೆಲಸಕ್ಕೆಂದು ಯಂತ್ರದೊಳಗೆ ಸೇರಿಕೊಂಡ ಇಂಥ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಂ ಎಂಬ ಹೆಸರಿದೆ.

ಈ ಚಿಪ್‌ಗಳಿಗೆ ತಂತ್ರಾಂಶ ಬರೆಯುವ ಕೆಲಸವನ್ನು ನಮ್ಮ ಊರಿನ ಹುಡುಗ ಹುಡುಗಿಯರು ಊರಿನಲ್ಲೇ ಕಲಿಯಬಹುದು. ಊರಿನಲ್ಲೇ ಮಾಡಲೂಬಹುದು. ಅದಕ್ಕೆ ಬೇಕಾದ ಸಲಕರಣೆಗಳನ್ನು ಒಂದು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡಬೇಕು? ಹತ್ತು ವರ್ಷ ಹೇಗೆ ಕಾಪಾಡಬೇಕು? ಇವತ್ತಿನ ಮಾತು ಇದರ ಬಗ್ಗೆ.

ಮೊದಲು, ತಂತ್ರಾಂಶ ಚಿಪ್‌ನೊಳಗೆ ಹೋಗುವ ಬಗೆ.

ಕಾಲೇಜಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಆರ್ಡುಯಿನೊ ಊನೊ ಆರ್3 ಎಂಬ ಬೋರ್ಡನ್ನೇ ತೆಗೆದುಕೊಳ್ಳಿ. ಒಂದು ಇಸ್ಪೀಟೆಲೆಗಿಂತ ಅದು ಸ್ವಲ್ಪ ಕಿರಿದು. ಅದರ ಚಿಪ್‌ನಲ್ಲಿ ತಂತ್ರಾಂಶ ಇಡಲು ಇರುವ ಜಾಗ 32 ಕಿಲೋಬೈಟ್. ಕೆಲಸ ಮಾಡುವಾಗ ಬಳಸುವ ನೆನಪು ಬರೀ 2 ಕಿಲೋಬೈಟ್. ನಿಮ್ಮ ಫೋನಿನಲ್ಲಿರುವ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಆದರೆ ನಾವು ಬರೆದ ಸಾಲುಗಳನ್ನು ಚಿಪ್‌ನ ಭಾಷೆಗೆ ಇಳಿಸುವ ಕಂಪೈಲರ್‌ಗೆ ನೂರಾರು ಮೆಗಾಬೈಟ್ ಜಾಗ ಬೇಕು. ಆದ್ದರಿಂದ ತಂತ್ರಾಂಶ ತಯಾರಾಗುವುದು ಚಿಪ್‌ನಲ್ಲಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ತಯಾರಾಗಿ ಆಮೇಲೆ ಚಿಪ್‌ಗೆ ಹೋಗುತ್ತದೆ.

ಅಡಿಕೆ ಬೆಳೆಗಾರರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬೀಜದಡಿಕೆಯನ್ನು ನೀವು ನೇರವಾಗಿ ತೋಟದ ಗುಂಡಿಗೆ ಹಾಕುವುದಿಲ್ಲ. ಸಸಿಮಡಿಯಲ್ಲಿ ಮೊಳೆಸುತ್ತೀರಿ. ಹದ ಮಾಡಿದ ಮಣ್ಣು ತುಂಬಿದ ಪ್ಯಾಕೆಟಿನಲ್ಲಿ ಬೆಳೆಸುತ್ತೀರಿ. ಗಟ್ಟಿಯಾದ ಮೇಲೆ ತೋಟಕ್ಕೆ ಒಯ್ಯುತ್ತೀರಿ. ಚಿಪ್ ತೋಟವಾದರೆ ಕಂಪ್ಯೂಟರು ಸಸಿಮಡಿ.

ಈ ಸಸಿಮಡಿಯಲ್ಲಿ ಒಂದೇ ಸಲಕರಣೆ ಇರುವುದಿಲ್ಲ. ಸಾಲುಗಳನ್ನು ಬರೆಯಲು ಎಡಿಟರ್ ಬೇಕು. ಚಿಪ್‌ನ ಭಾಷೆಗೆ ಇಳಿಸಲು ಕಂಪೈಲರ್ ಬೇಕು. ಮೊದಲೇ ಬರೆದಿಟ್ಟ ತುಣುಕುಗಳ ಲೈಬ್ರರಿಗಳು ಬೇಕು. ಸಿದ್ಧವಾದ ಫೈಲನ್ನು ಯುಎಸ್‌ಬಿ ತಂತಿಯ ಮೂಲಕ ಚಿಪ್‌ಗೆ ತುಂಬುವ ಇನ್ನೊಂದು ತಂತ್ರಾಂಶ ಬೇಕು. ತಪ್ಪು ಹುಡುಕಲು ಡಿಬಗರ್ ಬೇಕು. ಒಂದೊಂದಕ್ಕೂ ಹತ್ತಾರು ಆವೃತ್ತಿಗಳಿವೆ. ಈ ಆವೃತ್ತಿ ಆ ಆವೃತ್ತಿಗೆ ಹೊಂದಬೇಕು. ಹೊಂದದಿದ್ದರೆ ಕೆಲಸ ಶುರುವಾಗುವುದೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತಂತ್ರಾಂಶ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ, ಚಿಪ್‌ನಲ್ಲಿ ಓಡುತ್ತದೆ. ತಯಾರಿಗೆ ಹಲವು ಸಲಕರಣೆಗಳು ಬೇಕು. ಇನ್ನು ಎದುರಾಗುವ ತೊಂದರೆ ನೋಡೋಣ.

ಮೊದಲನೆಯ ತೊಂದರೆ ವಿದ್ಯಾರ್ಥಿಗಳದು. ಒಂದು ತರಗತಿಯಲ್ಲಿ 60 ಮಂದಿ ಇದ್ದಾರೆ ಎಂದುಕೊಳ್ಳಿ. ಒಬ್ಬರದು ವಿಂಡೋಸ್ 10, ಇನ್ನೊಬ್ಬರದು 11, ಮತ್ತೊಬ್ಬರದು ಲಿನಕ್ಸ್. ಒಬ್ಬರಲ್ಲಿ ಹೊಸ ಕಂಪೈಲರ್, ಇನ್ನೊಬ್ಬರಲ್ಲಿ ಹಳೆಯದು. ಅಧ್ಯಾಪಕರು ಹಲಗೆಯ ಮೇಲೆ ಬರೆದದ್ದು ಒಬ್ಬಳಿಗೆ ನಡೆಯುತ್ತದೆ. ಪಕ್ಕದವಳಿಗೆ ನಡೆಯುವುದಿಲ್ಲ. ಚಿಪ್‌ನ ಬಗ್ಗೆ ಒಂದಕ್ಷರ ಕಲಿಯುವ ಮೊದಲೇ ಪ್ರಯೋಗಾಲಯದ ಅವಧಿ ಮುಗಿದು ಹೋಗುತ್ತದೆ. ತಪ್ಪು ತನ್ನದೇ ಎಂದು ಆ ಹುಡುಗಿ ತಿಳಿಯುತ್ತಾಳೆ. ಇದು ನನಗೆ ತುಂಬ ನೋವಿನ ಸಂಗತಿ. ತಪ್ಪು ಅವಳದಲ್ಲ. ಸಲಕರಣೆಗಳು ಹೊಂದಿಲ್ಲ, ಅಷ್ಟೆ.

ಎರಡನೆಯ ತೊಂದರೆ ಕಾಲದ್ದು. ತೋಟಕ್ಕೆ ಹಾಕಿದ ಪೆಟ್ಟಿಗೆ ಹತ್ತು ವರ್ಷ ಬಾಳಬೇಕೆಂದು ರೈತರು ಬಯಸುತ್ತಾರೆ. ಬಯಸುವುದು ನ್ಯಾಯವೇ. ಆದರೆ ಹತ್ತು ವರ್ಷದಲ್ಲಿ ಹೊರಗಿನ ಜಗತ್ತು ಬದಲಾಗುತ್ತದೆ. ಹಳೆಯ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಹಲವು 2ಜಿ ಮೋಡೆಮ್ ಮೇಲೆ ನಿಂತಿವೆ. ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ನಾಳೆ ಅಂಥ ಪೆಟ್ಟಿಗೆಗೆ 4ಜಿ ಮೋಡೆಮ್ ಹಾಕಬೇಕಾದರೆ ತಂತ್ರಾಂಶದಲ್ಲಿ ಕೆಲವು ಸಾಲು ತಿದ್ದಬೇಕಾಗುತ್ತದೆ. ಸಾಲುಗಳೇನೋ ಸಿಕ್ಕಾವು. ಅವನ್ನು ಅಂದು ಕಂಪೈಲ್ ಮಾಡಿದ ಕಂಪ್ಯೂಟರು ಎಲ್ಲಿ? ಅಂದಿನ ಕಂಪೈಲರ್ ಯಾವುದು? ಹೇಳುವವರಿಲ್ಲ.

ಹೊಸ ಕಂಪೈಲರ್‌ನಿಂದಲೇ ಮಾಡಿದರಾಯಿತಲ್ಲ ಎಂದು ಕೇಳಬಹುದು. ಅಲ್ಲಿ ಅಪಾಯವಿದೆ. ದೊಡ್ಡ ಮೋಟರನ್ನು ಮೊದಲು ಸ್ಟಾರ್ ಎಂಬ ತಂತಿ ಜೋಡಣೆಯಲ್ಲಿ ಹೊರಡಿಸಿ, ಕೆಲವು ಸೆಕೆಂಡು ಬಿಟ್ಟು ಡೆಲ್ಟಾ ಎಂಬ ಜೋಡಣೆಗೆ ಬದಲಿಸಬೇಕು. ಆ ಸೆಕೆಂಡುಗಳನ್ನು ಕಾಯಲು ಯಾರೋ ಹಿಂದೆ, ಸುಮ್ಮನೆ ಲಕ್ಷಾಂತರ ಸಲ ಎಣಿಸು ಎಂದು ಬರೆದಿರುತ್ತಾರೆ ಎಂದಿಟ್ಟುಕೊಳ್ಳಿ. ಹೊಸ ಕಂಪೈಲರ್ ಅದನ್ನು ಓದುತ್ತದೆ. ಈ ಎಣಿಕೆಯಿಂದ ಯಾವ ಫಲವೂ ಇಲ್ಲ ಎಂದು ತೀರ್ಮಾನಿಸುತ್ತದೆ. ವೇಗ ಹೆಚ್ಚಿಸಲು ಆ ಸಾಲನ್ನೇ ತೆಗೆದುಹಾಕುತ್ತದೆ. ಕಂಪೈಲರ್‌ಗೆ ಆ ಹಕ್ಕಿದೆ, ಭಾಷೆಯ ನಿಯಮವೇ ಹಾಗಿದೆ. ಆದರೆ ಕಾಯುವ ಹೊತ್ತು ಮಾಯವಾಯಿತು. ಸ್ಟಾರ್ ಮತ್ತು ಡೆಲ್ಟಾ ನಡುವೆ ಬಿಡುವೇ ಇಲ್ಲ. ಹೊಡೆತ ಬೀಳುವುದು ಮೋಟರಿಗೆ, ಅಂದರೆ ರೈತರ ಜೇಬಿಗೆ. ಬರೆದ ಸಾಲು ಒಂದಕ್ಷರವೂ ಬದಲಾಗಲಿಲ್ಲ. ಸಲಕರಣೆ ಮಾತ್ರ ಬದಲಾಯಿತು.

ಆದ್ದರಿಂದ ನನ್ನ ಮಾತು ಇಷ್ಟೇ. ತಂತ್ರಾಂಶವನ್ನು ಕಾಪಾಡಿದರೆ ಸಾಲದು. ಅದನ್ನು ತಯಾರಿಸಿದ ಸಲಕರಣೆಗಳನ್ನೂ ಅದೇ ಆವೃತ್ತಿಯಲ್ಲಿ, ಅದೇ ಜೋಡಣೆಯಲ್ಲಿ ಕಾಪಾಡಬೇಕು.

ನಮ್ಮ ನಾಡಿನದೇ ಒಂದು ದೊಡ್ಡ ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಅದು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರುಗಳ ಜೊತೆಗೂಡಿ ಇದನ್ನು ರೂಪಿಸಿದರು. 2001ರಲ್ಲಿ ಮೊದಲ ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ, ಬ್ಯಾಟರಿಯಿಂದ ನಡೆಯುವ ಕಂಪ್ಯೂಟರು ಅದು. ಕೀಲಿಮಣೆ ಇಲ್ಲ, ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕು. ಒಳಗೆ ಸುಮಾರು 200 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಚಿಪ್, ಮೇಲೆ ಲಿನಕ್ಸ್. ಓದು ಬಾರದವರಿಗೂ ಭಾರತೀಯ ಭಾಷೆಗಳಲ್ಲಿ ಓದಿ ಹೇಳಬೇಕೆಂಬುದು ಅದರ ಗುರಿ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೂ ಬಂತು.

ಆ ತಂಡ ತನ್ನ ಯಂತ್ರಾಂಶದ ವಿನ್ಯಾಸವನ್ನೇ ಸಾರ್ವಜನಿಕ ಪರವಾನಗಿಯಡಿ ಇತರರಿಗೆ ತೆರೆದಿಟ್ಟಿತು. ಅದು ದೊಡ್ಡ ಮನಸ್ಸಿನ ಕೆಲಸ. ಆ ಆರ್ಮ್ ಚಿಪ್‌ಗೆ ಬೇಕಾದ ತಂತ್ರಾಂಶವನ್ನೂ ಬೇರೆ ಬಗೆಯ ಕಂಪ್ಯೂಟರಿನಲ್ಲಿ ತಯಾರಿಸುವ ಅದೇ ಕ್ರಮ ಅಲ್ಲಿಯೂ ಇತ್ತು. ಈಗ ಯಾರಾದರೂ ಅದನ್ನು ಮತ್ತೆ ಕಟ್ಟಬೇಕೆಂದರೆ ವಿನ್ಯಾಸ ಒಂದೇ ಸಾಲದು. ಅಂದಿನ ಕಂಪೈಲರ್, ಅಂದಿನ ಲೈಬ್ರರಿ, ಅಂದಿನ ಲಿನಕ್ಸ್ ಎಲ್ಲವೂ ಬೇಕು. 2001ರಲ್ಲಿ ಇವನ್ನೆಲ್ಲ ಒಟ್ಟಾಗಿ ಕಟ್ಟಿಡುವ ಸುಲಭ ದಾರಿ ಜನಸಾಮಾನ್ಯರ ಕೈಯಲ್ಲಿ ಇರಲಿಲ್ಲ. ಇವತ್ತು ಇದೆ. ಒಂದಲ್ಲ, ಎರಡು ದಾರಿ.

ಇಷ್ಟು ಹೊತ್ತು ಸಲಕರಣೆಗಳನ್ನು ಏಕೆ ಕಾಪಾಡಬೇಕೆಂದು ನೋಡಿದೆವು. ಇನ್ನು ಹೇಗೆ ಎಂಬುದು.

ಮೊದಲ ದಾರಿ ವರ್ಚುವಲ್ ಮಷಿನ್. ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಇನ್ನೊಂದು ಪೂರ್ತಿ ಕಂಪ್ಯೂಟರನ್ನು ಕಟ್ಟುವುದು. ನಿಮ್ಮ ವಿಂಡೋಸ್ ಪರದೆಯ ಮೇಲೆ ಒಂದು ಕಿಟಕಿ ತೆರೆಯುತ್ತದೆ. ಆ ಕಿಟಕಿಯೊಳಗೆ ಲಿನಕ್ಸ್ ಬೂಟ್ ಆಗುತ್ತದೆ. ಅದಕ್ಕೆ ತನ್ನದೇ ಡಿಸ್ಕ್ ಇದೆ, ತನ್ನದೇ ನೆನಪಿದೆ, ತನ್ನದೇ ಆಪರೇಟಿಂಗ್ ಸಿಸ್ಟಂ ಇದೆ. 1960ರ ದಶಕದಲ್ಲಿ ಐಬಿಎಂ ತನ್ನ ದೊಡ್ಡ ಯಂತ್ರಗಳಲ್ಲಿ ಈ ಉಪಾಯ ಮಾಡಿತ್ತು. ಇವತ್ತು ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಇದನ್ನು ಮನೆಯ ಲ್ಯಾಪ್‌ಟಾಪಿಗೆ ತಂದಿದೆ. ದುಡ್ಡು ಕೊಡಬೇಕಾಗಿಲ್ಲ.

ಖರ್ಚಾಗುವುದು ಜಾಗ. ಒಂದು ವರ್ಚುವಲ್ ಮಷಿನ್‌ಗೆ ಸುಮಾರು 20 ಜಿಬಿ ಡಿಸ್ಕ್ ಬೇಕು. 2ರಿಂದ 4 ಜಿಬಿ ರ‍್ಯಾಮ್ ಬಿಟ್ಟುಕೊಡಬೇಕು. ಒಟ್ಟು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಧಾರಾಳವಾಗಿ ನಡೆಯುತ್ತದೆ. ಒಂದು ವಿಷಯ ಗಮನಿಸಿ. ಹಲವು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಮಷಿನ್ ಶುರುವಾಗದಿದ್ದರೆ ಮೊದಲು ಅಲ್ಲಿ ನೋಡಿ. ಎಷ್ಟೋ ಮಂದಿ ಇದೊಂದು ಗೊತ್ತಿಲ್ಲದೆ ಕೈಬಿಡುತ್ತಾರೆ.

ಎರಡನೆಯ ದಾರಿ ಕಂಟೇನರ್. ಇದರಲ್ಲಿ ಪೂರ್ತಿ ಕಂಪ್ಯೂಟರನ್ನು ಕಟ್ಟುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನೆಲ್ ಎಲ್ಲರಿಗೂ ಒಂದೇ. ಆದರೆ ಪ್ರತಿ ಕಂಟೇನರ್‌ಗೂ ತನ್ನ ಫೈಲುಗಳು ಬೇರೆ, ತನ್ನ ಲೈಬ್ರರಿಗಳು ಬೇರೆ, ತನ್ನ ಕಂಪೈಲರ್ ಬೇರೆ. ಪ್ಯಾಕೆಟಿನ ಸಸಿಗೆ ಹೊರಗಿನ ನೆಲ ಕೆಂಪು ಮಣ್ಣೋ ಕಪ್ಪು ಮಣ್ಣೋ ಎಂಬ ಚಿಂತೆ ಇಲ್ಲ. ಅದು ತನ್ನ ಮಣ್ಣಿನಲ್ಲೇ ಬೆಳೆಯುತ್ತದೆ. ಹಾಗೆಯೇ ಕಂಟೇನರ್‌ನೊಳಗಿನ ಕಂಪೈಲರ್‌ಗೆ ಹೊರಗಿನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂಬುದು ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ಸೌಲಭ್ಯಗಳು ಒಂದೊಂದಾಗಿ ಸೇರುತ್ತ ಬಂದಿದ್ದವು. 2013ರಲ್ಲಿ ಡಾಕರ್ ಎಂಬ ತಂತ್ರಾಂಶ ಅವನ್ನು ಸುಲಭ ಬಳಕೆಗೆ ತಂದಿತು. ಪಾಡ್‌ಮನ್ ಎಂಬ ಇನ್ನೊಂದೂ ಇದೆ.

ಕಂಟೇನರ್‌ನ ದೊಡ್ಡ ಗುಣ ಅದರ ಬರಹ. ಡಾಕರ್‌ಫೈಲ್ ಎಂಬ ಒಂದು ಪುಟ್ಟ ಫೈಲಿನಲ್ಲಿ ಹತ್ತಿಪ್ಪತ್ತು ಸಾಲು ಬರೆಯುತ್ತೀರಿ. ಉಬುಂಟು ಎಂಬ ಲಿನಕ್ಸ್‌ನ ಇಂಥ ಆವೃತ್ತಿಯಿಂದ ಶುರುಮಾಡು. ಇಂಥ ಕಂಪೈಲರ್ ಹಾಕು. ಇಂಥ ಲೈಬ್ರರಿ ಸೇರಿಸು. ಆ ಬರಹವನ್ನು ಕೊಟ್ಟರೆ ಕಂಪ್ಯೂಟರು ತಾನೇ ಎಲ್ಲವನ್ನೂ ಜೋಡಿಸಿ ಒಂದು ಇಮೇಜ್ ಮಾಡುತ್ತದೆ. ಇಮೇಜ್ ಎಂದರೆ ಜೋಡಣೆ ಮುಗಿದು ಬಳಕೆಗೆ ಸಿದ್ಧವಾದ ಕಟ್ಟು. ಸಾಮಾನ್ಯವಾಗಿ ಅದು ಒಂದೆರಡು ಜಿಬಿ ಇರುತ್ತದೆ. ಕೆಲವು ದೊಡ್ಡವೂ ಇವೆ.

ಹಾಗಾದರೆ ಯಾರಿಗೆ ಯಾವುದು? ಎರಡನ್ನೂ ಮತ್ತೊಮ್ಮೆ ಹೇಳುತ್ತೇನೆ. ವರ್ಚುವಲ್ ಮಷಿನ್ ಎಂದರೆ ಒಳಗೊಂದು ಪೂರ್ತಿ ಕಂಪ್ಯೂಟರು. ಕಂಟೇನರ್ ಎಂದರೆ ಪ್ರತ್ಯೇಕಿಸಿದ ಸಲಕರಣೆಗಳ ಕಟ್ಟು.

ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಕೈಲ್ ಎಂಬ ತಂತ್ರಾಂಶ ಹಲವರಿಗೆ ಪರಿಚಯ. ಅದು ವಿಂಡೋಸ್‌ಗೆಂದು ಮಾಡಿದ್ದು. ಅಂಥದಕ್ಕೆ ವಿಂಡೋಸ್ ಇರುವ ವರ್ಚುವಲ್ ಮಷಿನ್ ಬೇಕು. ಪರದೆಯ ಮೇಲೆ ಬಟನ್ ಒತ್ತಿ ಮಾಡುವ ಕೆಲಸಗಳಿಗೂ ಅದೇ ಸುಲಭ. ಆದರೆ ಜಿಸಿಸಿಯಂಥ ಮುಕ್ತ ಕಂಪೈಲರ್ ಬಳಸುವವರಿಗೆ ಕಂಟೇನರ್ ಸಾಕು. ಇಎಸ್‌ಪಿ32 ಚಿಪ್ ತಯಾರಿಸುವ ಎಸ್‌ಪ್ರೆಸಿಫ್ ಕಂಪನಿ ತನ್ನ ಸಲಕರಣೆಗಳ ಸಿದ್ಧ ಇಮೇಜನ್ನು ತಾನೇ ಕೊಡುತ್ತದೆ. ನೀವು ಮಾಡಬೇಕಾದ್ದು ಇಳಿಸಿಕೊಳ್ಳುವುದಷ್ಟೆ.

ಈಗ ಶುರು ಮಾಡುವ ಕ್ರಮ. ಪೆನ್ನು ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ.

ಒಂದು. ಯಾವ ಸಲಕರಣೆಗೂ ಇತ್ತೀಚಿನದು ಎಂದು ಬರೆಯಬೇಡಿ. ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಇತ್ತೀಚಿನದು ಎಂಬುದು ಇವತ್ತು ಒಂದು, ಮುಂದಿನ ವರ್ಷ ಇನ್ನೊಂದು.

ಎರಡು. ನೀವು ಬರೆದ ತಂತ್ರಾಂಶದ ಸಾಲುಗಳನ್ನು ಕಂಟೇನರ್‌ನೊಳಗೆ ಇಡಬೇಡಿ. ಅವು ನಿಮ್ಮ ಕಂಪ್ಯೂಟರಿನ ಫೋಲ್ಡರಿನಲ್ಲೇ ಇರಲಿ. ಆ ಫೋಲ್ಡರನ್ನು ಕಂಟೇನರ್‌ಗೆ ಕಾಣುವಂತೆ ಮಾಡಬಹುದು. ಕಂಟೇನರ್ ಅಳಿಸಿದರೂ ನಿಮ್ಮ ದುಡಿಮೆ ಉಳಿಯುತ್ತದೆ.

ಮೂರು. ಬೋರ್ಡ್ ಕಾಣುವಂತೆ ಮಾಡಿ. ಯುಎಸ್‌ಬಿಗೆ ಜೋಡಿಸಿದ ಬೋರ್ಡ್ ವರ್ಚುವಲ್ ಮಷಿನ್‌ಗಾಗಲಿ ಕಂಟೇನರ್‌ಗಾಗಲಿ ತಾನಾಗಿ ಕಾಣುವುದಿಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ಯುಎಸ್‌ಬಿ ಪಟ್ಟಿಯಿಂದ ಅದನ್ನು ಆರಿಸಿ ಒಳಗೆ ಕೊಡಬೇಕು. ಲಿನಕ್ಸ್ ಮೇಲಿನ ಡಾಕರ್‌ಗೆ ಶುರುಮಾಡುವಾಗಲೇ ಆ ಪೋರ್ಟಿನ ಹೆಸರು ಹೇಳಬೇಕು. ವಿಂಡೋಸ್ ಮೇಲಿನ ಡಾಕರ್‌ನಲ್ಲಿ ಇದು ಸ್ವಲ್ಪ ಕಷ್ಟ. ಸುಲಭ ದಾರಿ ಹೇಳುತ್ತೇನೆ. ಕಂಪೈಲ್ ಮಾಡುವುದು ಕಂಟೇನರ್‌ನಲ್ಲಿ, ಚಿಪ್‌ಗೆ ತುಂಬುವುದು ವಿಂಡೋಸ್‌ನಿಂದ. ರಾಸ್ಪ್‌ಬೆರಿ ಪೈ ಪೈಕೊ ಬೋರ್ಡ್ ಆದರೆ ಇನ್ನೂ ಸಲೀಸು. ಅದರ ಬಟನ್ ಒತ್ತಿಕೊಂಡು ಯುಎಸ್‌ಬಿಗೆ ಜೋಡಿಸಿದರೆ ಪೆನ್‌ಡ್ರೈವ್ ಹಾಗೆಯೇ ತೆರೆದುಕೊಳ್ಳುತ್ತದೆ. ಫೈಲನ್ನು ಅದರೊಳಗೆ ಹಾಕಿದರೆ ಮುಗಿಯಿತು.

ನಾಲ್ಕು. ಸಿದ್ಧವಾದ ಇಮೇಜನ್ನು ಒಂದೇ ಫೈಲಾಗಿ ಉಳಿಸಿ. ಡಾಕರ್‌ನಲ್ಲಿ ಅದಕ್ಕೆ ಸೇವ್ ಎಂಬ ಆಜ್ಞೆ ಇದೆ, ಮತ್ತೆ ತೆರೆಯಲು ಲೋಡ್ ಎಂಬ ಆಜ್ಞೆ ಇದೆ. ನಮ್ಮ ಸೀಮೆಗೆ ಇದು ತುಂಬ ಮುಖ್ಯ. ಲಕ್ಕವಳ್ಳಿಯ ಕಾಡಂಚಿನಲ್ಲೋ ಕೆಮ್ಮಣ್ಣುಗುಂಡಿಯ ಬೆಟ್ಟದ ಬುಡದಲ್ಲೋ ಮನೆ ಇರುವ ವಿದ್ಯಾರ್ಥಿಗೆ ನೆಟ್‌ವರ್ಕ್ ಸಾಲದೆ ಹೋಗಬಹುದು. ಹಲವು ಜಿಬಿ ಇಳಿಸುವುದು ಅಲ್ಲಿ ಆಗದ ಮಾತು. ಕಾಲೇಜಿನಲ್ಲಿ ಒಬ್ಬರು ಒಮ್ಮೆ ಇಳಿಸಿದರೆ ಸಾಕು. ಉಳಿದವರು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬಹುದು. ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಐದು. ಪರೀಕ್ಷೆ ಮಾಡಿ. ಅದೇ ಸಾಲುಗಳನ್ನು ಎರಡು ಬೇರೆ ಲ್ಯಾಪ್‌ಟಾಪುಗಳಲ್ಲಿ ಅದೇ ಇಮೇಜ್ ಬಳಸಿ ಕಂಪೈಲ್ ಮಾಡಿ. ಬಂದ ಎರಡು ಫೈಲುಗಳ ಹ್ಯಾಶ್ ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆಯಿರಿ. ಎರಡೂ ಒಂದೇ ಆಗಿದ್ದರೆ ಫೈಲುಗಳು ಅಕ್ಷರಶಃ ಒಂದೇ. ಬೇರೆಯಾಗಿದ್ದರೆ ಕಾರಣ ಹುಡುಕಿ. ಕಂಪೈಲ್ ಮಾಡಿದ ದಿನಾಂಕ, ಗಂಟೆ ಫೈಲಿನೊಳಗೆ ಸೇರಿರುವುದು ಒಂದು ಸಾಮಾನ್ಯ ಕಾರಣ.

ಆವೃತ್ತಿ ಬರೆಯುವುದು, ಸಾಲುಗಳನ್ನು ಹೊರಗಿಡುವುದು, ಬೋರ್ಡ್ ಕಾಣಿಸುವುದು, ಇಮೇಜ್ ಉಳಿಸುವುದು, ಹ್ಯಾಶ್ ಹೋಲಿಸುವುದು. ಈ ಐದು ಹೆಜ್ಜೆಗಳಾದವು. ಇನ್ನು ಬೋರ್ಡೇ ಇಲ್ಲದವರ ಮಾತು.

ಬೋರ್ಡ್ ಕೊಳ್ಳಲು ಆಗದಿದ್ದರೂ ಕಲಿಕೆ ನಿಲ್ಲಬೇಕಾಗಿಲ್ಲ. ಕ್ಯೂಇಎಂಯು ಎಂಬ ತಂತ್ರಾಂಶವಿದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅವರು ಶುರುಮಾಡಿದ್ದು, 2003ರಿಂದ ಬಳಕೆಯಲ್ಲಿದೆ. ಅದು ಆರ್ಮ್ ಚಿಪ್‌ನಂತೆಯೇ ನಡೆದುಕೊಳ್ಳುತ್ತದೆ. ನಿಮ್ಮ ತಂತ್ರಾಂಶವನ್ನು ಅದರೊಳಗೆ ಓಡಿಸಬಹುದು. ಎಲ್ಲಿ ತಪ್ಪಿದೆ ಎಂದು ಒಂದೊಂದೇ ಸಾಲು ನಡೆಸಿ ನೋಡಬಹುದು. ಅದನ್ನೂ ಅದೇ ಕಂಟೇನರ್‌ನಲ್ಲಿ ಸೇರಿಸಿಡಬಹುದು.

ಆದರೆ ಮಿತಿಯನ್ನು ಅರಿತಿರಿ. ಸಮಯದ ಲೆಕ್ಕ ಅಲ್ಲಿ ನಿಜವಾಗಿರುವುದಿಲ್ಲ. ರಿಲೇ ಎಷ್ಟು ಹೊತ್ತಿಗೆ ಎಳೆಯುತ್ತದೆ, ವೋಲ್ಟೇಜ್ ಏರಿಳಿದಾಗ ಚಿಪ್ ಏನು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮೋಟರ್ ನಡೆಸುವ ತಂತ್ರಾಂಶವನ್ನು ನಿಜವಾದ ಬೋರ್ಡಿನಲ್ಲಿ, ನಿಜವಾದ ಸ್ಟಾರ್ಟರ್‌ನಲ್ಲಿ, ತಿಳಿದವರ ಸಮ್ಮುಖದಲ್ಲಿ ಪರೀಕ್ಷಿಸದೆ ತೋಟಕ್ಕೆ ಕೊಡಬಾರದು. ತ್ರೀ ಫೇಸ್ ಕರೆಂಟಿನ ಜೊತೆ ಅವಸರ ಸಲ್ಲದು.

ಇನ್ನೂ ಮೂರು ಎಚ್ಚರಿಕೆ ಹೇಳಬೇಕು. ಮೊದಲನೆಯದು, ಇಮೇಜನ್ನು ಅದರ ತಯಾರಕರಿಂದಲೇ ಪಡೆಯಿರಿ. ಯಾರೋ ಗುರುತಿಲ್ಲದವರು ಇಟ್ಟ ಇಮೇಜಿನಲ್ಲಿ ಏನಿದೆಯೋ ಹೇಳಲಾಗದು. ಎರಡನೆಯದು, ಕಂಟೇನರ್‌ಗೆ ಬೇಕಾದಷ್ಟೇ ಅಧಿಕಾರ ಕೊಡಿ. ಒಂದು ಪೋರ್ಟ್ ಸಾಕಾದಲ್ಲಿ ಇಡೀ ಕಂಪ್ಯೂಟರಿನ ಅಧಿಕಾರ ಕೊಡುವುದು ಬೇಡ. ಮೂರನೆಯದು, ಡಾಕರ್‌ಫೈಲ್ ಒಂದನ್ನೇ ನಂಬಬೇಡಿ. ಅದು ಸಲಕರಣೆಗಳನ್ನು ಇಂಟರ್‌ನೆಟ್‌ನಿಂದ ತರುತ್ತದೆ. ಕೆಲವು ವರ್ಷಗಳಲ್ಲಿ ಆ ಹಳೆಯ ಆವೃತ್ತಿಗಳು ಅಲ್ಲಿಂದ ತೆಗೆದುಹೋಗಿರಬಹುದು. ಆದ್ದರಿಂದ ಬರಹವನ್ನೂ ಇಡಿ, ಸಿದ್ಧವಾದ ಇಮೇಜನ್ನೂ ಇಡಿ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ.

ಕೊನೆಯದಾಗಿ, ಇದನ್ನು ಯಾರು ಮಾಡಬೇಕು?

ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಅಧ್ಯಾಪಕರಲ್ಲಿ ನನ್ನ ಮೊದಲ ವಿನಂತಿ. ವರ್ಷದ ಮೊದಲ ವಾರದಲ್ಲೇ ಒಂದು ಇಮೇಜ್ ಸಿದ್ಧಪಡಿಸಿ ಎಲ್ಲರಿಗೂ ಹಂಚಿ. ಅದರ ಜೊತೆ ಕನ್ನಡದಲ್ಲಿ ಒಂದು ಪುಟದ ವಿವರಣೆ ಕೊಡಿ. ಹಳ್ಳಿಯಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಬಸ್ಸು ಹತ್ತಿ ಬರುವ ಮಗುವಿನ ಪ್ರಯೋಗಾಲಯದ ಒಂದೊಂದು ಗಂಟೆಯೂ ಅಮೂಲ್ಯ. ಆ ಗಂಟೆ ಚಿಪ್ ಕಲಿಯಲು ಸಲ್ಲಲಿ.

ಸ್ಟಾರ್ಟರ್ ಮತ್ತು ಕಂಟ್ರೋಲ್ ಪ್ಯಾನೆಲ್ ತಯಾರಿಸುವ, ರಿಪೇರಿ ಮಾಡುವ ಸಣ್ಣ ಉದ್ದಿಮೆಯವರಲ್ಲಿ ಎರಡನೆಯ ವಿನಂತಿ. ಪ್ರತಿ ಮಾದರಿಗೂ ತಂತ್ರಾಂಶದ ಸಾಲು, ಡಾಕರ್‌ಫೈಲ್, ಇಮೇಜ್, ಹ್ಯಾಶ್ ಈ ನಾಲ್ಕನ್ನೂ ಒಟ್ಟಿಗೆ ಇಡಿ. ಬರೆದ ಎಂಜಿನಿಯರ್ ಕೆಲಸ ಬಿಟ್ಟು ಹೋದರೂ ನಿಮ್ಮ ಗಿರಾಕಿ ಕೈಬಿಟ್ಟು ಹೋಗುವುದಿಲ್ಲ.

ಕಲಿಯುವ ಮಕ್ಕಳಿಗೆ ಮೂರನೆಯ ಮಾತು. ಒಂದು ಹಳೆಯ ಲ್ಯಾಪ್‌ಟಾಪು, ಕೆಲವು ನೂರು ರೂಪಾಯಿಯ ಒಂದು ಬೋರ್ಡು, ಪೆನ್‌ಡ್ರೈವಿನಲ್ಲಿ ಒಂದು ಇಮೇಜ್. ಶುರುಮಾಡಲು ಇಷ್ಟು ಸಾಕು. ಮೊದಲ ದಿನ ಒಂದು ಎಲ್‌ಇಡಿ ಬೆಳಗಿಸಿ. ಆಮೇಲೆ ಮಣ್ಣಿನ ತೇವ ಅಳೆಯಿರಿ, ತೊಟ್ಟಿಯ ನೀರಿನ ಮಟ್ಟ ಅಳೆಯಿರಿ. ಕಡೂರಿನ ತೆಂಗಿನ ತೋಟಕ್ಕೆ ಬೇಕಾದ್ದೇನು, ಅಜ್ಜಂಪುರದ ಈರುಳ್ಳಿ ಹೊಲಕ್ಕೆ ಬೇಕಾದ್ದೇನು ಎಂಬುದು ದೂರದ ಕಂಪನಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಾಡಿದ್ದನ್ನು ನಿಮ್ಮ ನಂತರದವರೂ ತಿದ್ದಿ ಬೆಳೆಸುವ ಹಾಗೆ ಮಾಡಿ. ಸಲಕರಣೆಗಳ ಸಮೇತ ಕಟ್ಟಿಟ್ಟ ಕೆಲಸಕ್ಕೆ ಮಾತ್ರ ಆ ಆಯುಸ್ಸು ಇರುತ್ತದೆ.